ಸೀಮೆಸುಣ್ಣದ ಅಳತೆ

ಒಬ್ಬ ರೀಮ್ ಮಾಡಿದ ತೂತನ್ನು ಇನ್ನೊಬ್ಬ ಅಳೆಯುವಂತಿಲ್ಲ. ಹಡಗು ಕಟ್ಟುವ ಆ ಯಾರ್ಡಿನಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ, ಯಾರೂ ಮೀರಿದ್ದೂ ಇಲ್ಲ. ಮೊದಲು ಡ್ರಿಲ್ಲಿನಿಂದ ಒರಟು ತೂತು ಹೊಡೆಯುತ್ತಾರೆ. ಆಮೇಲೆ ರೀಮರ್ ಇಳಿದು ತೂತಿನ ಒಳಮೈಯನ್ನು ಕೆರೆದು ನುಣ್ಣಗೆ, ದುಂಡಗೆ ಮಾಡುತ್ತದೆ. ಕೆರೆದವನೇ ಅಳತೆಕಡ್ಡಿ ಹಾಕಿ ನೋಡಿ ತೂತಿನ ಪಕ್ಕದಲ್ಲಿ ಸೀಮೆಸುಣ್ಣದಿಂದ ಅಂಕಿ ಬರೆಯುತ್ತಾನೆ. ಆ ಅಂಕಿಯನ್ನು ನಂಬಿ ಲೇತಿನವನು ಆ ತೂತಿಗೆಂದೇ ಒಂದು ಬೋಲ್ಟು ಕಡೆಯುತ್ತಾನೆ. ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ. ಬರೆದ ಅಂಕಿಯನ್ನು ಮತ್ತೊಬ್ಬ ಅಳೆದು ನೋಡಿದನೆಂದರೆ ಊಟಕ್ಕೆ ಕರೆದ ನೆಂಟನ ಜೇಬು ತಡಕಿದ ಹಾಗೆ. ಅಂಥ ಅವಮಾನವನ್ನು ಪಶ್ಚಿಮ ನಾರ್ವೆಯ ಆ ಕೊಲ್ಲಿಯ ಬಾಯಲ್ಲಿ ಯಾರೂ ಯಾರಿಗೂ ಮಾಡುತ್ತಿರಲಿಲ್ಲ.

ಅಲ್ಲಿ ತೂತು ಕೆರೆಯುವ ಹಾಲ್ವಾರ್ಡನ ಯಂತ್ರ ಒತ್ತಿದ ಗಾಳಿಯಿಂದ ಓಡುವಂಥದ್ದು. ಹಿಂದೆ ಕಂಪ್ರೆಸರಿನ ಕೊಳವೆ, ಎರಡು ಕಡೆ ಎರಡು ಹಿಡಿ, ಮುಂದೆ ಬೇಕಾದರೆ ರೀಮರ್, ಬೇಕಾದರೆ ತೂತಿನಲ್ಲಿ ತಿರುಪು ಕೊರೆಯುವ ಟ್ಯಾಪ್. ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಯಂತ್ರ ಎಂದು ಹೆಸರಿಗೆ ಹೇಳುತ್ತಾರೆ. ಹಾಗೆ ಹೇಳಿದ ಪುಣ್ಯಾತ್ಮ ಅದನ್ನು ಎದೆಗವಚಿಕೊಂಡು ಹಡಗಿನ ಹೊಟ್ಟೆಯಡಿ ನುಸುಳಿದವನಲ್ಲ. ಶುರುವಾದಾಗ ಕಿರುಚುತ್ತದೆ ಅಂತ ಯಾರ್ಡಿನವರು ಅದಕ್ಕೆ ಹಂದಿ ಎಂದು ಹೆಸರಿಟ್ಟಿದ್ದರು. ಹಾಲ್ವಾರ್ಡ್ ಈ ಹಂದಿಯ ಜೊತೆ ಇಪ್ಪತ್ತು ವರ್ಷಕ್ಕೂ ಮಿಗಿಲಾಗಿ ಬಾಳಿದ್ದ. ಅದು ಒಂದೇ ಸಮನೆ ನಡುಗುತ್ತದೆ. ಅಷ್ಟು ವರ್ಷ ಆ ನಡುಕವನ್ನು ಹಿಡಿದವನ ಬೆರಳಿಗೆ ಮೊದಲು ಜೋಮು ಹತ್ತುತ್ತದೆ, ಆಮೇಲೆ ಚಳಿ ಬಿದ್ದರೆ ಸಾಕು ಹೆಣದ ಬೆರಳಿನಂತೆ ಬೆಳ್ಳಗಾಗುತ್ತದೆ, ಕೊನೆಗೆ ಕೈ ತನ್ನದೋ ಪಕ್ಕದವನದೋ ಎಂದು ನೋಡಿಯೇ ತಿಳಿಯಬೇಕಾಗುತ್ತದೆ.

ಹಾಲ್ವಾರ್ಡ್ ಆ ಕೊನೆಯ ಮೆಟ್ಟಿಲಿಗೆ ಬಂದು ಬಹಳ ಕಾಲವಾಗಿತ್ತು. ಯಾರಿಗೂ ಹೇಳಿರಲಿಲ್ಲ. ಕೈಪರೀಕ್ಷೆಗೆ ನರ್ಸಮ್ಮ ಬರುವ ದಿನ ಬಿಸಿ ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡು ಸಾಲಿನಲ್ಲಿ ನಿಲ್ಲುತ್ತಿದ್ದ. ಬೆರಳು ಕೆಂಪಗೆ ಆರೋಗ್ಯವಾಗಿ ಕಾಣುತ್ತಿದ್ದವು. ಸೂಜಿ ಚುಚ್ಚಿದಾಗ ಅವಳ ಮುಖ ನೋಡಿಕೊಂಡು 'ಹಾಂ' ಎನ್ನುತ್ತಿದ್ದ. ಗೊತ್ತಾದರೆ ಹಂದಿಯನ್ನು ಕಸಿದುಕೊಂಡು ಸ್ಟೋರಿನಲ್ಲಿ ಕೈಗವಸು ಹಂಚಲು ಕೂರಿಸುತ್ತಾರೆ, ಅದೇ ಅವನ ಭಯ. ತಲೆ ತಿರುಗಿಸಿದಂತೆ ಉದ್ದವಾಗುವ ಅಳತೆಕಡ್ಡಿಯ ಎರಡು ತುದಿ ತೂತಿನ ಎರಡು ಗೋಡೆಗೆ ತಾಗಿತೋ ಇಲ್ಲವೋ ಎನ್ನುವುದು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೇ ತಿಳಿಯಬೇಕು. ಅವನ ಬೆರಳಿಗೆ ತಿಳಿಯುತ್ತಿರಲಿಲ್ಲ. ಆದರೂ ಅವನು ಅಂಕಿ ಬರೆದ ತೂತಿಗೆಲ್ಲ ಬೋಲ್ಟು ಪ್ರತಿಸಲವೂ ಸರಿಯಾಗಿ ಬಿಗಿದು ಕೂತಿತ್ತು. ಹಾಗಾಗಿ ಬೆರಳು ಸತ್ತರೇನು, ಕೈಗೆ ಕೆಲಸ ಗೊತ್ತಿದೆ ಎಂದು ನಂಬಿಕೊಂಡಿದ್ದ.

ಅವನಿಗೆ ಉಳಿದಿದ್ದದ್ದೂ ಅದೊಂದೇ. ನವೆಂಬರಿನಲ್ಲಿ ಹೆಂಡತಿ ಬೊರ್ಗಿಲ್ಡ್ ತೀರಿಕೊಂಡಿದ್ದಳು. ಎರಡು ವರ್ಷದ ಕಾಯಿಲೆ, ಆಸ್ಪತ್ರೆಗೂ ಮನೆಗೂ ಓಡಾಟ, ಕೊನೆಗೆ ಮನೆಯಲ್ಲೇ. ಹಾಲ್ವಾರ್ಡ್ ಅಳಲಿಲ್ಲ. ಗಂಡಸು, ಅಳು ನುಂಗಿಕೊಂಡ ಎಂದು ಊರವರು ಮಾತಾಡಿಕೊಂಡರು. ಎಲ್ಲ ಸುಳ್ಳು, ನುಂಗಲಿಕ್ಕೆ ಏನೂ ಇರಲಿಲ್ಲ. ಚರ್ಚಿನ ಮುಂದಿನ ಸಾಲಿನಲ್ಲಿ ಕೂತು ಶವಪೆಟ್ಟಿಗೆಯ ತಿರುಪುಗಳನ್ನು ನೋಡುತ್ತಾ, ಇವನ್ನು ಒಂದೇ ಸಮ ಬಿಗಿದಿಲ್ಲವಲ್ಲ ಎಂದುಕೊಂಡ. ಆಮೇಲೆ ಸಭಾಭವನದಲ್ಲಿ ಕಾಫಿ, ಏಳು ಬಗೆಯ ಕೇಕು. ಬಂದವರೆಲ್ಲ ಕೈ ಕುಲುಕಿದರು. ಕುಲುಕಿದ್ದು ತೋಳಿಗೆ ತಿಳಿಯಿತು, ಕೈಗೆ ತಿಳಿಯಲಿಲ್ಲ. ಮೂರನೆಯ ದಿನ ಕೆಲಸಕ್ಕೆ ಬಂದ. ಮನೆಯಲ್ಲಿ ಬ್ರೆಡ್ಡಿನ ಮೇಲೆ ಕಂದು ಚೀಸಿನ ತುಂಡು ಹಾಕಿಕೊಂಡು ತಿನ್ನುತ್ತಿದ್ದ, ಅದೂ ಪೇಪರ್ ಜಗಿದ ಹಾಗಿತ್ತು. ಹಂದಿಯನ್ನು ಹಿಡಿದು ನಿಂತಾಗ ಮಾತ್ರ ತಾನು ಎಲ್ಲೋ ಇದ್ದೇನೆ ಅನ್ನಿಸುತ್ತಿತ್ತು. ಅದು ಸಂತೋಷವೇನಲ್ಲ, ಇರುವುದು ಅಷ್ಟೆ.

ಇಪ್ಪತ್ತು ವರ್ಷ ಅವನ ತೂತುಗಳಿಗೆ ಬೋಲ್ಟು ಕಡೆದವನು ತೊರ್ಲೈಫ್. ಫೆಬ್ರವರಿಯಲ್ಲಿ ಅವನಿಗೆ ನಿವೃತ್ತಿಯಾಯಿತು. ಒಂದೆರಡು ವರ್ಷದಿಂದ ತೊರ್ಲೈಫ್ ಕಾಫಿ ಹೊತ್ತಿಗೆ ಯಾವಾಗಲೂ ತಡವಾಗಿ ಬರುತ್ತಿದ್ದ, ಕೇಳಿದರೆ 'ಹೊಟ್ಟೆ ಸರಿಯಿಲ್ಲ' ಎನ್ನುತ್ತಿದ್ದ. ಯಾರ್ಡಿನ ಪಡ್ಡೆಗಳು ಅದಕ್ಕೆ ಮೂಲವ್ಯಾಧಿಯೆಂದು ಹೆಸರು ಕೊಟ್ಟು, ಬೀಳ್ಕೊಡುಗೆಯ ದಿನ ನಡುವೆ ತೂತಿರುವ ಒಂದು ದಿಂಬನ್ನು ರಿಬ್ಬನ್ ಕಟ್ಟಿ ಕೊಟ್ಟರು. ತೊರ್ಲೈಫ್ ಎಲ್ಲರೊಂದಿಗೆ ನಕ್ಕ. ಅವನ ಜಾಗಕ್ಕೆ ಸಿನ್ನೋವೆ ಬಂದಳು. ನಲವತ್ತರ ಆಸುಪಾಸಿನ ಹೆಂಗಸು, ಕ್ರಿಸ್ತಿಯಾನ್ಸುಂಡಿನ ಒಂದು ಯಾರ್ಡಿನಲ್ಲಿ ಹದಿನೈದು ವರ್ಷ ಲೇತ್ ಓಡಿಸಿದವಳು, ಎದುರು ಮಾತಿಗೆ ಹಿಂದೆ ಮುಂದೆ ನೋಡದವಳು.

ಮಾರ್ಚಿನಲ್ಲಿ, ಹಡಗನ್ನು ನೀರಿಗೆ ಜಾರಿಸುವ ಇಳಿಜಾರಿನ ಮೇಲೆ ಒಂದು ಮೀನು ಹಿಡಿಯುವ ಹಡಗು ಮುಗಿಯುತ್ತಾ ಬಂದಿತ್ತು. ಅದರ ಚುಕ್ಕಾಣಿಯನ್ನು, ಅದನ್ನು ತಿರುಗಿಸುವ ಮೇಲಿನ ದಂಡಕ್ಕೆ ಸೇರಿಸಬೇಕು. ದಂಡದ ತುದಿಗೆ ಒಂದು ದಪ್ಪ ಉಕ್ಕಿನ ತಟ್ಟೆ, ಚುಕ್ಕಾಣಿಯ ತಲೆಗೆ ಇನ್ನೊಂದು. ಎರಡನ್ನೂ ಜೋಡಿಸಿ ತೂತು ಕೆರೆದು ಬೋಲ್ಟು ಬಡಿಯಬೇಕು. ಸಮುದ್ರದಲ್ಲಿ ಹಡಗು ತಿರುಗುವುದು ಆ ಬೋಲ್ಟುಗಳ ನಂಬಿಕೆಯ ಮೇಲೆ. ದೊಡ್ಡ ಉಬ್ಬರದ ನೀರಿಗೆ ಹಡಗನ್ನು ಇಳಿಸುವ ದಿನ ಗೊತ್ತಾಗಿತ್ತು. ಹಾಲ್ವಾರ್ಡ್ ಎಲ್ಲ ತೂತುಗಳನ್ನೂ ಕೆರೆದು, ಅಳೆದು, ಅಂಕಿ ಬರೆದಿದ್ದ. ಗಾಳಿ ಕೊಲ್ಲಿಯ ಕಡೆಯಿಂದ ಚರ್ಮ ಸುಲಿಯುವ ಹಾಗೆ ಬೀಸುತ್ತಿತ್ತು. ಗವಸಿನೊಳಗೆ ಅವನ ಬೆರಳು ಹತ್ತಕ್ಕೆ ಹತ್ತೂ ಬೆಳ್ಳಗಿದ್ದವು.

ಸಿನ್ನೋವೆ ಬೋಲ್ಟುಗಳನ್ನು ಗಾಡಿಯಲ್ಲಿ ತಂದಳು. ಮೇಸ್ತ್ರಿ ಕೊಲ್ಬ್ಯೋರ್ನ್ ನೋಡಲು ಬಂದು ನಿಂತ. ಕೆಳಗೆ ನಟ್ಟು ಹಾಕಲು ಒಬ್ಬ ಕೂತಿದ್ದ. ಹಾಲ್ವಾರ್ಡ್ ದೊಡ್ಡ ಸುತ್ತಿಗೆ ಎತ್ತಿಕೊಂಡ. ಬೋಲ್ಟು ತೂತಿನ ಬಾಯಲ್ಲಿ ತಡೆದು ನಿಲ್ಲಬೇಕು, ಪೆಟ್ಟಿಗೊಂದು ಕೂದಲೆಳೆಯಷ್ಟು ಇಳಿಯಬೇಕು, ಇಳಿಯುತ್ತಾ ಇಳಿಯುತ್ತಾ ಸದ್ದು ಗಟ್ಟಿಯಾಗುತ್ತಾ ಹೋಗಬೇಕು. ಸಿನ್ನೋವೆ ಮೊದಲನೆಯದನ್ನು ತೂತಿನ ಮೇಲಿಟ್ಟು ಕೈಬಿಟ್ಟಳು.

ಬೋಲ್ಟು ಠಣ್ ಎಂದು ತಲೆಯವರೆಗೂ ಬಿತ್ತು.

ಕೆಳಗಿದ್ದವನು ತಲೆ ಹೊರಗೆ ಹಾಕಿದ. "ಏನ್ರೋ, ಬೋಲ್ಟು ಹಾಕಿದ್ರಾ, ಪತ್ರದ ಡಬ್ಬಿಗೆ ಪತ್ರ ಹಾಕಿದ್ರಾ?"

ಹಾಲ್ವಾರ್ಡ್ ಎತ್ತಿದ್ದ ಸುತ್ತಿಗೆಯನ್ನು ಕೆಳಗಿಳಿಸಿದ. "ನಿಮ್ಮ ಕ್ರಿಸ್ತಿಯಾನ್ಸುಂಡಲ್ಲಿ ಹೀಗೇನಾ ಬೋಲ್ಟು ಕಡೆಯೋದು?" ಎಂದ.

"ನೀನು ಬರೆದಿದ್ದನ್ನ ಕಡೆದಿದೀನಿ ಕಣಯ್ಯ," ಎಂದಳು ಸಿನ್ನೋವೆ. "ಅನುಮಾನ ಇದ್ರೆ ಬೋಲ್ಟು ಅಳೆ. ನಂದು ಅಳೆದ್ರೆ ನಂಗೇನೂ ಬೇಜಾರಿಲ್ಲ."

ಕೊಲ್ಬ್ಯೋರ್ನ್ ಬೋಲ್ಟನ್ನು ಎಳೆಸಿ, ಒರೆಸಿ, ತಾನೇ ಮೈಕ್ರೋಮೀಟರ್ ಹಚ್ಚಿದ. ಸೀಮೆಸುಣ್ಣದ ಅಂಕಿಗೆ ಎಷ್ಟು ಇರಬೇಕೋ ಅಷ್ಟೇ ಇತ್ತು, ಒಂದಿಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಈಗ ಅಳೆಯಲು ಉಳಿದದ್ದು ತೂತು ಒಂದೇ. ಅದನ್ನು ಯಾರೂ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಮೇಸ್ತ್ರಿ ಆಕಾಶ ನೋಡಿದ. ಕೆಳಗಿದ್ದವನು ನಟ್ಟು ಎಣಿಸತೊಡಗಿದ.

"ತೂತು ನಾನು ಮುಟ್ಟಲ್ಲಪ್ಪ," ಎಂದಳು ಸಿನ್ನೋವೆ, ಈ ಸಲ ಮೆಲ್ಲಗೆ. "ಅದು ನಿಂದು."

ಹಾಲ್ವಾರ್ಡ್ ಗವಸು ತೆಗೆಯದೆಯೇ ಕಡ್ಡಿ ಇಳಿಸಿದ. ಗವಸು ಹಾಕಿಕೊಂಡು ಅಳೆಯುವವರನ್ನು ಆ ಯಾರ್ಡ್ ಕಂಡಿರಲಿಲ್ಲ. ಎಲ್ಲರ ಕಣ್ಣು ತನ್ನ ಕೈಮೇಲಿದೆ ಎಂದು ತಿಳಿದು ಗವಸು ಕಿತ್ತು ಜೇಬಿಗೆ ಹಾಕಿ, ಬೆಳ್ಳನೆಯ ಬೆರಳುಗಳನ್ನು ಮೈಯಿಂದ ಮರೆಮಾಡಿಕೊಂಡು ಮತ್ತೆ ಅಳೆದ. ಕಡ್ಡಿ ತಾಗಿರಬೇಕು ಅನ್ನಿಸಿದ ಕಡೆ ನಿಲ್ಲಿಸಿದ. ಓದಿದ. ಅದೇ ಅಂಕಿ.

"ಸರಿಯಾಗೇ ಇದೆ," ಎಂದ.

ಎರಡನೆಯ ಬೋಲ್ಟು ಇಟ್ಟರು. ಅದೂ ಬಿತ್ತು.

ಕೊಲ್ಬ್ಯೋರ್ನ್ ಒಳ್ಳೆಯವನು, ಒಳ್ಳೆಯತನ ಎಲ್ಲಿ ತೋರಿಸಬೇಕು ಎನ್ನುವುದೂ ಗೊತ್ತಿದ್ದವನು. "ಹಾಳು ಚಳಿ. ಉಕ್ಕು ಎಲ್ಲೆಲ್ಲೋ ಸೊಟ್ಟಗೆ ಹೋಗತ್ತೆ," ಎಂದ, ಹಾಗೇನೂ ಹೋಗುವುದಿಲ್ಲ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿದ್ದರೂ. "ಇವತ್ತಿಗೆ ಸಾಕು. ಹಾಲ್ವಾರ್ಡ್, ಮನೆಗೆ ಹೋಗಿ ಬಿಸಿಬಿಸಿ ಏನಾದ್ರೂ ತಿನ್ನು ಹೋಗು. ಬೆಳಗ್ಗೆ ನೋಡೋಣ."

ಹಾಲ್ವಾರ್ಡ್ ಮನೆಗೆ ಹೋಗಲಿಲ್ಲ. ಸೈಕಲ್ ತುಳಿದುಕೊಂಡು ಕೊಲ್ಲಿಯ ಆಚೆ ದಡದಲ್ಲಿದ್ದ ತೊರ್ಲೈಫನ ದೋಣಿ ಕೊಟ್ಟಿಗೆಗೆ ಹೋದ. ಇಪ್ಪತ್ತು ವರ್ಷ ತಪ್ಪದ ಬೋಲ್ಟು ಒಂದು ತಿಂಗಳಲ್ಲಿ ತಪ್ಪುವುದೆಂದರೆ ಏನು ಎನ್ನುವುದು ದಾರಿಯುದ್ದಕ್ಕೂ ಅವನ ತಲೆಯಲ್ಲಿ ಮೂಡುತ್ತಿತ್ತು. ಅವನು ಅದನ್ನು ಹಿಂದಕ್ಕೆ ತಳ್ಳುತ್ತಿದ್ದ. ತೊರ್ಲೈಫ್ ದೋಣಿ ಬೋರಲು ಹಾಕಿ ಟಾರು ಬಳಿಯುತ್ತಿದ್ದ. ಕೂರಲು ಹಾಕಿಕೊಂಡಿದ್ದದ್ದು ಅದೇ ದಿಂಬು.

"ಬಾರೋ ಬಾ. ಆ ಕ್ರಿಸ್ತಿಯಾನ್ಸುಂಡಿನವಳು ಹೇಗಿದಾಳೆ?"

"ಒಳ್ಳೆ ಕೆಲಸಗಾರ್ತಿ. ನಾನು ಬರೆದಿದ್ದನ್ನೇ ಕಡೀತಾಳೆ. ಬೋಲ್ಟು ತೂತಲ್ಲಿ ಬಿದ್ದುಹೋಗ್ತಿದೆ."

ತೊರ್ಲೈಫನ ಬ್ರಷ್ಷು ನಿಂತಿತು. ಮತ್ತೆ ಅದೇ ಹಲಗೆಯ ಮೇಲೆ, ಆಗಲೇ ಬಳಿದಿದ್ದ ಕಡೆಯೇ, ಓಡಾಡತೊಡಗಿತು.

"ನೀನು ನನ್ನ ತೂತು ಅಳೀತಿದ್ಯಾ?" ಎಂದು ಕೇಳಿದ ಹಾಲ್ವಾರ್ಡ್.

"ಹೂಂ."

"ಯಾವಾಗಿಂದ?"

"ಬೊರ್ಗಿಲ್ಡ್ ಮೊದಲನೇ ಸಲ ಆಸ್ಪತ್ರೆ ಸೇರಿದ್ಲಲ್ಲ, ಆವಾಗಿಂದ. ನೀವೆಲ್ಲ ಕಾಫಿಗೆ ಹೋದ ಮೇಲೆ ಅಳೀತಿದ್ದೆ. ಎರಡು ವರ್ಷ ತಣ್ಣಗಾದ ಕಾಫಿ ಕುಡಿದೆ ಕಣೋ ನಿನ್ನ ದೆಸೆಯಿಂದ. ಊರಿಗೆಲ್ಲ ನಂಗೆ ಮೂಲವ್ಯಾಧಿ ಅಂತ ಆಯ್ತು." ನಗಿಸಲು ನೋಡಿದ. "ನೀನು ಬರೀತಿದ್ದಿದ್ದು ಯಾವಾಗ್ಲೂ ಸಣ್ಣದೇ ಇರ್ತಿತ್ತು. ಕಡ್ಡಿ ತಾಗೋ ಮುಂಚೇನೇ ನಿಲ್ಲಿಸಿಬಿಡ್ತಿದ್ದೆ. ನಾನು ನಿಜವಾದ ಅಳತೆಗೆ ಕಡೀತಿದ್ದೆ."

ಹಾಲ್ವಾರ್ಡನಿಗೆ ಸಿಟ್ಟು ಬರಬೇಕಿತ್ತು. ತನ್ನ ತೂತನ್ನು ಬೆನ್ನ ಹಿಂದೆ ಎರಡು ವರ್ಷ ಅಳೆದವನ ಮುಖಕ್ಕೆ ಟಾರಿನ ಡಬ್ಬಿ ಎಸೆಯಬೇಕಿತ್ತು. ಸಿಟ್ಟಿಗೆ ಕಾದು ನೋಡಿದ, ಬರಲಿಲ್ಲ. "ನನ್ನ ಮುಖಕ್ಕೇ ಹೇಳೋಕೆ ಏನಾಗಿತ್ತು?" ಎಂದಷ್ಟೇ ಕೇಳಿದ.

"ಅವಳು ಬೇಡ ಅಂದ್ಲು."

"ಯಾರು?"

"ಇನ್ಯಾರು. ಬೊರ್ಗಿಲ್ಡ್."

ತೊರ್ಲೈಫ್ ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರೆಸಿ ಪಕ್ಕಕ್ಕಿಟ್ಟ. "ನಮ್ಮ ಮಾಗ್ನಿ ಮೀನಿನ ಸಾರು ಕಳಿಸಿದ್ಲು ನೋಡು, ಕೊಡೋಕೆ ಆಸ್ಪತ್ರೆಗೆ ಹೋಗಿದ್ದೆ. ನೀನು ಕೆಲಸದಲ್ಲಿದ್ದೆ. 'ಅವನ ಕೈ ಹೋಗಿದೆ, ನಿಂಗೊತ್ತಾ' ಅಂದ್ಲು. ಇಲ್ಲ ಅಂದೆ. 'ಯಾರಿಗೂ ಗೊತ್ತಿಲ್ಲ ಅಂದ್ಕೊಂಡಿದಾನೆ. ನಾನು ಇರೋವರೆಗೂ ಅವನ ಕೈಯಿಂದ ಆ ಯಂತ್ರ ತಪ್ಪದ ಹಾಗೆ ನೋಡ್ಕೋ ತೊರ್ಲೈಫ್. ನಾನೊಬ್ಬಳು ಹೋಗ್ತಿದೀನಲ್ಲ, ಕಳ್ಕೊಳ್ಳೋಕೆ ಅಷ್ಟೇ ಸಾಕು ಅವನಿಗೆ' ಅಂದ್ಲು. ಅವಳ ಹತ್ರ ಆಗಲ್ಲ ಅನ್ನೋಕಾಗತ್ತೇನೋ?"

"ಅವಳು ಇರೋವರೆಗೂ," ಎಂದ ಹಾಲ್ವಾರ್ಡ್.

"ಹೂಂ. ನವೆಂಬರ್ ಆದ ಮೇಲೆ ಹೇಳ್ಬೇಕಿತ್ತು. ಹೇಳ್ತೀನಿ ಹೇಳ್ತೀನಿ ಅಂತಾನೇ ನಿವೃತ್ತಿ ಬಂತು. ಸಿನ್ನೋವೆಗಾದ್ರೂ ಹೇಳಿ ಹೋಗೋಣ ಅಂದ್ಕೊಂಡೆ. ಹೇಳಿದ್ರೆ ಅವಳೂ ದಿನಾ ಕಳ್ಳತನದಲ್ಲಿ ಅಳೀಬೇಕು. ಎಷ್ಟು ಜನ ಸೇರಿ ನಿನ್ನ ಸಾಕೋದು ಮಾರಾಯ? ಹೇಳದೇ ಬಂದುಬಿಟ್ಟೆ. ತಪ್ಪಿದ್ರೆ ಬೋಲ್ಟು ಬೀಳತ್ತೆ, ಆವಾಗ ತಾನಾಗೇ ತಿಳಿಯತ್ತೆ ಅಂತ. ಧೈರ್ಯ ಇರ್ಲಿಲ್ಲ, ಅಷ್ಟೇ."

ನೀರಿನ ಕಡೆಯಿಂದ ಗಾಳಿ ಬಂದು ಟಾರಿನ ವಾಸನೆಯನ್ನು ಒಳಕ್ಕೆ ತಳ್ಳಿತು. ಹಾಲ್ವಾರ್ಡ್ ನರ್ಸಮ್ಮನನ್ನು ಏಮಾರಿಸಿದ್ದ, ಮೇಸ್ತ್ರಿಯನ್ನು ಏಮಾರಿಸಿದ್ದ. ಮನೆಯಲ್ಲಿ ಬಟ್ಟೆಯ ಗುಂಡಿ ಹಾಕಲು ಬರದಾಗ ಗೋಡೆಯ ಕಡೆ ತಿರುಗಿ ಹಲ್ಲಿನಲ್ಲಿ ಎಳೆದುಕೊಳ್ಳುತ್ತಿದ್ದ.

"ಅವಳಿಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿದ.

"ಬಿಡೋ ಅದನ್ನ."

"ಹೇಳು."

ತೊರ್ಲೈಫ್ ಅವನ ಮುಖ ನೋಡದೆ ಹೇಳಿದ. "ಪಕ್ಕದಲ್ಲಿ ಕೂತಾಗ ನೀನು ಅವಳ ಕೈ ಹಿಡ್ಕೋತಿದ್ಯಂತೆ. ಎಷ್ಟು ಗಟ್ಟಿಯಾಗಿ ಹಿಡಿದಿದೀನಿ ಅಂತ ನಿಂಗೇ ತಿಳೀತಿರ್ಲಿಲ್ವಂತೆ. 'ಮೂಳೆ ಮುರಿಯೋ ಹಾಗೆ ಹಿಡೀತಾನೆ' ಅಂದ್ಲು. ಹೇಳ್ಬಾರದಾ ಅವನಿಗೆ ಅಂದೆ. 'ಹೇಳಿದ್ರೆ ಹಿಡಿಯೋದೇ ಬಿಟ್ಬಿಡ್ತಾನೆ' ಅಂದ್ಲು."

ತೊರ್ಲೈಫನ ಹೆಂಡತಿ ಮಾಗ್ನಿ ಮನೆಯ ಬಾಗಿಲಿಂದ, ವೇಫಲ್ ದೋಸೆ ಹುಯ್ದಿದೀನಿ, ಬನ್ನಿ ಇಬ್ಬರೂ ಎಂದು ಕೂಗಿದಳು. ಹಾಲ್ವಾರ್ಡ್ ಹೋದ, ಕೂತ, ಕೊಟ್ಟದ್ದನ್ನು ತಿಂದ. ಮಾಗ್ನಿ ಹವಾಮಾನದ ಮಾತಾಡಿದಳು, ಅವನು ಹೌದು ಹೌದು ಎಂದ. ಹೊರಡುವಾಗ ತೊರ್ಲೈಫ್ ಕೈ ಚಾಚಿದ. ಹಾಲ್ವಾರ್ಡ್ ಆ ಕೈಯನ್ನು ನೋಡಿದ, ಹಿಡಿಯಲಿಲ್ಲ. ಸಿಟ್ಟಿನಿಂದಲ್ಲ, ಎಷ್ಟು ಒತ್ತಬೇಕು ಎಂದು ತಿಳಿಯಲಿಲ್ಲ. ತಲೆಯಾಡಿಸಿ ಸೈಕಲ್ ಹತ್ತಿದ.

ಬೆಳಗ್ಗೆ ಯಾರ್ಡಿನಲ್ಲಿ ಹಂದಿಯ ಕೊಳವೆ ಸುತ್ತಿ, ಯಂತ್ರ ಒರೆಸಿ, ಚುಕ್ಕಾಣಿಯ ಪಕ್ಕದ ಹಲಗೆಯ ಮೇಲಿಟ್ಟ. ಕೊಲ್ಬ್ಯೋರ್ನ್, ಸಿನ್ನೋವೆ, ನಟ್ಟಿನವನು ಬಂದರು. ಇನ್ನೂ ಕೆಲವರು ಏನೋ ನೆಪ ಮಾಡಿಕೊಂಡು ಸುತ್ತ ನಿಂತರು. ನಿನ್ನೆಯ ಠಣ್ ಸದ್ದು ಆ ಹೊತ್ತಿಗೆ ಕ್ಯಾಂಟೀನಿನವರೆಗೂ ಮುಟ್ಟಿತ್ತು.

ಹಾಲ್ವಾರ್ಡ್ ಅಳತೆಕಡ್ಡಿಯನ್ನು ಸಿನ್ನೋವೆಯ ಕಡೆ ಚಾಚಿದ. "ಅಳೆ," ಎಂದ.

ಅವಳು ಹಿಂದೆ ಸರಿದಳು. "ಏಯ್, ನಾನಲ್ಲಪ್ಪ. ನಿನ್ನೆನೇ ಹೇಳ್ದೆ."

"ನಾನು ಹೇಳ್ತಿದೀನಲ್ಲ. ನನ್ನ ತೂತು ಎಲ್ಲಾನೂ ಅಳೆ. ನನ್ನ ಕೈ ಹೋಗಿದೆ. ಬೆರಳಲ್ಲಿ ಏನೂ ತಿಳಿಯಲ್ಲ." ಎಲ್ಲರಿಗೂ ಕೇಳುವಷ್ಟು ಜೋರಾಗಿಯೇ ಹೇಳಿದ. ನರ್ಸಮ್ಮನಿಗೆ ಹೇಳದೆ, ತನಗೇ ತಾನು ಹೇಳಿಕೊಳ್ಳದೆ ಇಷ್ಟು ಕಾಲ ಹೊತ್ತಿದ್ದ ಮಾತು ಅಷ್ಟು ಚಿಕ್ಕದಾಗಿತ್ತು.

"ಎಷ್ಟು ದಿನದಿಂದ?" ಎಂದ ಕೊಲ್ಬ್ಯೋರ್ನ್.

"ಬೊರ್ಗಿಲ್ಡ್ ಇದ್ದಾಗಿಂದ."

ಹೆಂಡತಿಯ ಹೆಸರನ್ನು ಅವನು ಯಾರ್ಡಿನಲ್ಲಿ ಎತ್ತಿದ್ದು ನವೆಂಬರಿನಿಂದೀಚೆಗೆ ಅದೇ ಮೊದಲು. ಸಿನ್ನೋವೆ ಮಂಡಿಯೂರಿ ಕೂತು ಕಡ್ಡಿ ಇಳಿಸಿದಳು. ಅವಳ ಹೆಬ್ಬೆರಳು ಕಡ್ಡಿಯ ತಲೆಯನ್ನು ಒಂದಿಷ್ಟು ತಿರುಗಿಸಿತು, ತಡೆಯಿತು, ಹಿಂದೆ ಸರಿಯಿತು, ಮತ್ತೆ ಮುಟ್ಟಿತು. ಹಾಲ್ವಾರ್ಡ್ ಆ ಹೆಬ್ಬೆರಳನ್ನೇ ನೋಡುತ್ತಿದ್ದ. ಅವಳು ಅಂಕಿ ಹೇಳಿದಳು. ತಾನು ಬರೆದದ್ದನ್ನು ಹಾಲ್ವಾರ್ಡ್ ತೋಳಿನಿಂದ ಒರೆಸಿದ, ಅವಳು ತನ್ನದನ್ನು ಬರೆದಳು. ಹೀಗೆ ಒಂದೊಂದೇ ತೂತು ಮುಗಿಯಿತು. ಮಧ್ಯಾಹ್ನ ಹೊಸ ಬೋಲ್ಟುಗಳು ಬಂದವು. ಸುತ್ತಿಗೆ ಬೇರೊಬ್ಬ ಹಿಡಿದ. ಮೊದಲನೆಯದು ತೂತಿನ ಬಾಯಲ್ಲಿ ನಿಂತಿತು, ಪೆಟ್ಟಿಗೊಂದಿಷ್ಟು ಇಳಿಯಿತು, ಸದ್ದು ಗಟ್ಟಿಯಾಗುತ್ತಾ ಹೋಗಿ ಕೊನೆಗೆ ಕಲ್ಲಿಗೆ ಬಡಿದ ಹಾಗಾಯಿತು. ಹಾಲ್ವಾರ್ಡನಿಗೆ ಖುಷಿಯೂ ಆಗಲಿಲ್ಲ, ಸಂಕಟವೂ ಆಗಲಿಲ್ಲ. ಸರಿಯಾಗಿ ಕೂತಿತು ಎಂದು ಮಾತ್ರ ಅಂದುಕೊಂಡ.

ಕೊಲ್ಬ್ಯೋರ್ನ್ ಅವನ ಹೆಗಲು ತಟ್ಟಿದ. "ಸೋಮವಾರ ಸ್ಟೋರಿಗೆ ಬಂದ್ಬಿಡು. ಅಲ್ಲಿ ಬೆಚ್ಚಗಿರತ್ತೆ."

"ಬರ್ತೀನಿ," ಎಂದ ಹಾಲ್ವಾರ್ಡ್.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಕೋಟು ತೆಗೆದು, ಅಡುಗೆಮನೆಯ ಮೇಜಿನ ಮುಂದೆ ಕೂತ. ಒಲೆ ಹಚ್ಚಬೇಕಿತ್ತು, ಹಚ್ಚಲಿಲ್ಲ. ಎಡತೋಳಿನ ಅಂಗಿಯನ್ನು ಮೊಣಕೈವರೆಗೆ ಮಡಚಿದ. ಬೆರಳು ಸತ್ತಿದ್ದವು, ತೋಳು ಸತ್ತಿರಲಿಲ್ಲ. ಮಣಿಕಟ್ಟಿನಿಂದ ಮೇಲಕ್ಕೆ ಎಲ್ಲ ತಿಳಿಯುತ್ತಿತ್ತು. ಬಲಗೈಯಿಂದ ಆ ತೋಳನ್ನು ಹಿಡಿದ, ಅವಳ ಹಾಸಿಗೆಯ ಪಕ್ಕದಲ್ಲಿ ಕೂತು ಅವಳ ಕೈಯನ್ನು ಹಿಡಿಯುತ್ತಿದ್ದ ಹಾಗೆ. ಮೆಲ್ಲಗೆ ಹಿಡಿದೆನೆಂದೇ ಅಂದುಕೊಂಡಿದ್ದ. ಯಾವತ್ತೂ ಹಾಗೇ ಅಂದುಕೊಂಡಿದ್ದ.

ನೋವಾಯಿತು. ಮೂಳೆಯವರೆಗೂ ಇಳಿಯುವಂಥ ನೋವು, ಕಣ್ಣಲ್ಲಿ ನೀರು ಬರಿಸುವಂಥದ್ದು. ಬಿಡು ಎಂದು ತೋಳು ಕೂಗುತ್ತಿತ್ತು, ಹಿಡಿದ ಕೈಗೆ ಅದು ಗೊತ್ತೇ ಇರಲಿಲ್ಲ. ಎರಡು ಚಳಿಗಾಲ ಅವಳು ಇದನ್ನು ತಡೆದುಕೊಂಡು ಕೈ ಕೊಟ್ಟಿದ್ದಳು, ಒಂದು ಸಲವೂ ಹಿಂದಕ್ಕೆಳೆದುಕೊಂಡಿರಲಿಲ್ಲ. "ಹೇಳ್ಬಾರದಿತ್ತೇನೇ ಬೊರ್ಗಿಲ್ಡ್," ಎಂದ ಹಾಲ್ವಾರ್ಡ್ ಖಾಲಿ ಮನೆಯಲ್ಲಿ, "ಒಂದೇ ಒಂದು ಸಲ ಹೇಳ್ಬಾರದಿತ್ತೇನೇ." ನವೆಂಬರಿನಲ್ಲಿ ಬಾರದ ಅಳು ಆಗ ಬಂತು. ಅತ್ತ. ಅಳುತ್ತಾ ಇದ್ದಷ್ಟು ಹೊತ್ತೂ ತೋಳನ್ನು ಬಿಡಲಿಲ್ಲ.